ಪಟ್ಟಿಯ ಲೆಕ್ಕಕ್ಕೆ ಗಾಳಿಯ ಸಾಕ್ಷಿ

ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ–ಧಾರವಾಡ ಮತ್ತು ಕಲಬುರಗಿ ನಗರಗಳ ಎಮಿಷನ್ ಇನ್ವೆಂಟರಿ ಸಿದ್ಧಪಡಿಸುವ ಎಂಜಿನಿಯರುಗಳು, ಸಂಶೋಧಕರು ಹಾಗೂ ಅದನ್ನು ಮುಂದಿಟ್ಟುಕೊಂಡು ಕ್ರಿಯಾಯೋಜನೆ ಬರೆಯುವ ಅಧಿಕಾರಿಗಳಿಗೆ ಬಹಿರಂಗ ಪತ್ರ



ನಗರವೊಂದರ ಎಮಿಷನ್ ಇನ್ವೆಂಟರಿ, ಅಂದರೆ ಹೊಗೆ–ದೂಳಿನ ಲೆಕ್ಕಪಟ್ಟಿ, ಮೂಲದಲ್ಲಿ ಒಂದು ಗುಣಾಕಾರ. ಎಷ್ಟು ವಾಹನ, ಒಂದೊಂದೂ ದಿನಕ್ಕೆ ಎಷ್ಟು ಕಿಲೊಮೀಟರ್ ಓಡುತ್ತದೆ, ಕಿಲೊಮೀಟರಿಗೆ ಎಷ್ಟು ಗ್ರಾಂ ಉಗುಳುತ್ತದೆ. ಎಷ್ಟು ಜನರೇಟರ್, ದಿನಕ್ಕೆ ಎಷ್ಟು ಗಂಟೆ, ಗಂಟೆಗೆ ಎಷ್ಟು ಲೀಟರ್ ಡೀಸೆಲ್. ಬಾಬ್ತು ಬಾಬ್ತಾಗಿ ಗುಣಿಸಿ ಕೂಡಿದರೆ ನಗರ ವರ್ಷಕ್ಕೆ ಇಷ್ಟು ಟನ್ ಕಣ, ಇಷ್ಟು ಟನ್ ನೈಟ್ರೋಜನ್ ಆಕ್ಸೈಡ್ ಬಿಡುತ್ತದೆ ಎಂಬ ಮೊತ್ತ ಸಿಗುತ್ತದೆ. ಗುಣಾಕಾರ ತಪ್ಪುವುದು ಅಪರೂಪ. ತಪ್ಪು ಅಡಗಿರುವುದು ಗುಣಿಸಲು ಎತ್ತಿಕೊಂಡ ಅಂಕಿಗಳಲ್ಲಿ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ. ಅವುಗಳಲ್ಲಿ ಇಂದಿಗೂ ರಸ್ತೆಯಲ್ಲಿರುವವು ಎಷ್ಟು, ಗುಜರಿಗೆ ಹೋದವು ಎಷ್ಟು, ಕೈಬದಲಾಗಿ ಬೇರೆ ಜಿಲ್ಲೆ ಸೇರಿದವು ಎಷ್ಟು ಎಂಬುದು ಆರ್‌ಟಿಒ ಪುಸ್ತಕದಿಂದ ತಿಳಿಯದು. ಕಿಲೊಮೀಟರಿನ ಅಂಕಿ ಪೆಟ್ರೋಲ್ ಬಂಕಿನಲ್ಲಿ ನಿಂತು ಸವಾರರನ್ನು ಕೇಳಿ, ಓಡೊಮೀಟರ್ ನೋಡಿ ಬರೆದುಕೊಂಡದ್ದು. ಗ್ರಾಂ ಅಂಕಿಯ ತವರು ಬಹುಮಟ್ಟಿಗೆ ಪುಣೆಯ ಎಆರ್‌ಎಐ ಪ್ರಯೋಗಾಲಯ. ಅಲ್ಲಿ ರೋಲರಿನ ಮೇಲೆ ನಿಲ್ಲಿಸಿದ ವಾಹನವನ್ನು ಮೊದಲೇ ಗೊತ್ತುಮಾಡಿದ ವೇಗದಲ್ಲಿ ಓಡಿಸಿ, ಹೊಗೆಯನ್ನು ಹಿಡಿದು ಅಳೆಯಲಾಗುತ್ತದೆ. ಸಂಜೆ ಆರೂವರೆಗೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕ್ಲಚ್ಚು ಒತ್ತಿ ಬಿಟ್ಟು, ಒತ್ತಿ ಬಿಟ್ಟು ತೆವಳುವ ಹಳೆಯ ಟೆಂಪೊ ಆ ರೋಲರ್ ಹತ್ತಿರುವುದಿಲ್ಲ.

ಅಂಕಿಗಳ ಆಯ್ಕೆ ಬದಲಾದರೆ ಮೊತ್ತ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಬೆಂಗಳೂರೇ ಉದಾಹರಣೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಆರು ನಗರಗಳ ಅಧ್ಯಯನದ ಭಾಗವಾಗಿ ಟೆರಿ ಸಂಸ್ಥೆ 2010ರಲ್ಲಿ ಸಲ್ಲಿಸಿದ ವರದಿ, ನಗರದ ಪಿಎಂ10 ಹೊರಸೂಸುವಿಕೆಯನ್ನು ದಿನಕ್ಕೆ 54.4 ಟನ್ ಎಂದು ಲೆಕ್ಕ ಹಾಕಿತು: ವಾಹನ ಶೇ 42, ರಸ್ತೆ ದೂಳು ಶೇ 20, ನಿರ್ಮಾಣ ಶೇ 14, ಕೈಗಾರಿಕೆ ಶೇ 14, ಡೀಸೆಲ್ ಜನರೇಟರ್ ಶೇ 7, ಮನೆಬಳಕೆ ಶೇ 3. ಸರತ್ ಗುತ್ತಿಕುಂಡ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನ, 2015ನೇ ಇಸವಿಗೆ ಬೃಹತ್ ಬೆಂಗಳೂರು ಪ್ರದೇಶದ ಪಿಎಂ10 ಅನ್ನು ವರ್ಷಕ್ಕೆ 67,100 ಟನ್ ಎಂದಿತು; ದಿನಕ್ಕೆ ಹಂಚಿದರೆ ಸುಮಾರು 184 ಟನ್. ಎರಡನೆಯದರ ಭೂವ್ಯಾಪ್ತಿ ದೊಡ್ಡದು, ವರ್ಷ ಬೇರೆ, ದೂಳು ಲೆಕ್ಕ ಹಾಕಿದ ರೀತಿ ಬೇರೆ. ಹಾಗಾಗಿ ಎರಡೂ ತಮ್ಮ ತಮ್ಮ ಮಿತಿಯಲ್ಲಿ ಸರಿ ಇರಬಹುದು. ಆದರೆ ಮೊದಲ ಪಟ್ಟಿಯ ಆರು ಬಾಬ್ತುಗಳನ್ನು ಕೂಡಿದರೆ ಸರಿಯಾಗಿ ನೂರು ಆಗುತ್ತದೆ. ಬೀದಿ ಮೂಲೆಯಲ್ಲಿ ಕಸಕ್ಕೆ ಕಡ್ಡಿ ಗೀರುವ ಕೈಗೆ ಅಲ್ಲಿ ಜಾಗವೇ ಉಳಿದಿಲ್ಲ. ಪಟ್ಟಿಯೊಳಗೇ ಕುಳಿತು ನೋಡಿದರೆ ಈ ಕೊರತೆ ಕಾಣದು. ಶಾನುಭೋಗರ ಪಹಣಿಯಲ್ಲಿ ರಾಗಿ ಎಂದು ಬರೆದಿದ್ದರೆ ಜಮಾಬಂದಿಗೆ ಬಂದ ಅಮಲ್ದಾರರು ಹೊಲಕ್ಕೇ ಇಳಿದು ನೋಡಬೇಕಾಗಿತ್ತು; ಇಲ್ಲಿ ಹೊಲ ಎಂದರೆ ಗಾಳಿ.

ಗಾಳಿಯನ್ನು ನೋಡಿ ಪಟ್ಟಿಯನ್ನು ತಿದ್ದಿದ ಚರಿತ್ರೆಯಲ್ಲಿ ಮೊದಲ ದೊಡ್ಡ ಘಟನೆ ನಡೆದದ್ದು ಲಾಸ್ ಏಂಜಲೀಸ್‌ನ ಒಂದು ಸುರಂಗದಲ್ಲಿ. ವ್ಯಾನ್ ನೈಸ್ ವಿಮಾನ ನಿಲ್ದಾಣದ ರನ್‌ವೇ ಕೆಳಗೆ ಶರ್ಮನ್ ವೇ ಎಂಬ ರಸ್ತೆ ಹಾದುಹೋಗುತ್ತದೆ. 1987ರಲ್ಲಿ, ದಕ್ಷಿಣ ಕ್ಯಾಲಿಫೋರ್ನಿಯಾದ ವಾಯು ಗುಣಮಟ್ಟ ಅಧ್ಯಯನದ ಅಂಗವಾಗಿ, ಆ ಸುರಂಗದಲ್ಲಿ ಗಾಳಿಯನ್ನು ಹಿಡಿದು ಅಳೆಯಲಾಯಿತು. ತರ್ಕ ಸರಳ. ಸುರಂಗದೊಳಗೆ ಬೇರೆ ಯಾವ ಮೂಲವೂ ಇಲ್ಲ. ಒಳಬರುವ ಗಾಳಿಗೂ ಹೊರಹೋಗುವ ಗಾಳಿಗೂ ಇರುವ ವ್ಯತ್ಯಾಸವೆಲ್ಲ ಒಳಗೆ ಓಡಿದ ವಾಹನಗಳದ್ದೇ. ಎಷ್ಟು ವಾಹನ ಹಾದವು ಎಂದು ಎಣಿಸಿ ಭಾಗಿಸಿದರೆ ಕಿಲೊಮೀಟರಿಗೆ ಎಷ್ಟು ಗ್ರಾಂ ಎಂಬುದು ರೋಲರ್ ಇಲ್ಲದೆಯೇ ಸಿಗುತ್ತದೆ. ಫಲಿತಾಂಶ ಬಂದಾಗ ಕಾರ್ಬನ್ ಮಾನಾಕ್ಸೈಡ್, ರಾಜ್ಯದ ಅಧಿಕೃತ ಮಾದರಿ ಹೇಳಿದ್ದಕ್ಕಿಂತ ಸುಮಾರು 2.7 ಪಟ್ಟು, ಹೈಡ್ರೋಕಾರ್ಬನ್ ಸುಮಾರು 3.8 ಪಟ್ಟು ಹೆಚ್ಚಿತ್ತು. ನೈಟ್ರೋಜನ್ ಆಕ್ಸೈಡ್ ಮಾತ್ರ ಹೆಚ್ಚುಕಡಿಮೆ ತಾಳೆಯಾಯಿತು. ಅಳತೆಯೇ ತಪ್ಪಿರಬೇಕು ಎಂದು ಸಂಶಯಪಟ್ಟವರು ಇದ್ದರು. ಆದರೆ ನಗರದ ತೆರೆದ ಗಾಳಿಯಲ್ಲಿ ಬೇರೆ ವಿಧಾನದಿಂದ ಮಾಡಿದ ಹೋಲಿಕೆಯೂ ಅದೇ ದಿಕ್ಕಿಗೆ ಬೊಟ್ಟು ಮಾಡಿತು. 1991ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ, ವಾಹನಗಳ ಸಾವಯವ ಆವಿಯನ್ನು ದೇಶದ ಪಟ್ಟಿಗಳು ಎರಡರಿಂದ ನಾಲ್ಕು ಪಟ್ಟು ಕಡಿಮೆ ತೋರಿಸುತ್ತಿವೆ ಎಂದು ಹೇಳಿತು. ಅದರ ಪರಿಣಾಮ ಕಾಗದಕ್ಕೆ ಸೀಮಿತವಾಗಲಿಲ್ಲ. ಓಜೋನ್ ತಗ್ಗಿಸಲು ಎರಡು ದಶಕ ಹೈಡ್ರೋಕಾರ್ಬನ್‌ನ ಬೆನ್ನು ಹತ್ತಿದ್ದ ನೀತಿ ಹಲವು ಕಡೆ ನೈಟ್ರೋಜನ್ ಆಕ್ಸೈಡ್ ಕಡೆಗೂ ತಿರುಗಬೇಕಾಯಿತು, ಏಕೆಂದರೆ ಇವೆರಡರ ಪ್ರಮಾಣವೇ ಓಜೋನ್ ರಸಾಯನದ ದಾರಿಯನ್ನು ನಿರ್ಧರಿಸುತ್ತದೆ.

ಪಟ್ಟಿ ಏಕೆ ತಪ್ಪಿತ್ತು ಎಂಬುದೂ ಅದೇ ಕಾಲಕ್ಕೆ ಗೊತ್ತಾಯಿತು. ಡೆನ್ವರ್ ವಿಶ್ವವಿದ್ಯಾಲಯದ ಡೊನಾಲ್ಡ್ ಸ್ಟೆಡ್‌ಮನ್ ರಸ್ತೆಗೆ ಅಡ್ಡಲಾಗಿ ಅವಕೆಂಪು ಕಿರಣ ಹಾಯಿಸಿ, ಹಾದುಹೋಗುವ ಪ್ರತಿ ಕಾರಿನ ಹೊಗೆಯನ್ನು ಅರೆಕ್ಷಣದಲ್ಲಿ ಓದುವ ಉಪಕರಣ ಕಟ್ಟಿದ್ದರು. ಸಾವಿರಾರು ಕಾರುಗಳನ್ನು ಹೀಗೆ ಓದಿದಾಗ ಒಟ್ಟು ಕಾರ್ಬನ್ ಮಾನಾಕ್ಸೈಡ್‌ನ ಅರ್ಧದಷ್ಟು ಕೇವಲ ಶೇ 10ರಷ್ಟು ಕಾರುಗಳಿಂದ ಬರುತ್ತಿರುವುದು ಕಂಡಿತು. ಪ್ರಯೋಗಾಲಯಕ್ಕೆ ತಾವಾಗಿ ಕಾರು ತಂದುಕೊಟ್ಟವರು ಅದನ್ನು ಸರಿಯಾಗಿ ಇಟ್ಟುಕೊಂಡವರು. ಕೆಟ್ಟ ಎಂಜಿನ್ನಿನ ಒಡೆಯ ಪರೀಕ್ಷೆಗೆ ಬರಲೇ ಇಲ್ಲ. ಸರಾಸರಿ ತಪ್ಪಿದ್ದು ಅಲ್ಲಿ.

ಪ್ರಯೋಗಾಲಯಕ್ಕೂ ರಸ್ತೆಗೂ ನಡುವಿನ ಅಂತರದ ಎರಡನೆಯ ಪಾಠ ಹೆಚ್ಚು ಪ್ರಸಿದ್ಧ. ಯುರೋಪಿನಲ್ಲಿ ಡೀಸೆಲ್ ಕಾರಿನ ನೈಟ್ರೋಜನ್ ಆಕ್ಸೈಡ್ ಮಿತಿ ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತಿತ್ತು, ಪಟ್ಟಿಗಳಲ್ಲಿ ಅದು ಇಳಿಯುತ್ತಲೂ ಇತ್ತು. ರಸ್ತೆಬದಿಯ ಮಾಪಕಗಳು ಮಾತ್ರ ಇಳಿಯಲೊಲ್ಲವು. ಬ್ರಿಟನ್ನಿನ ಡೇವಿಡ್ ಕಾರ್ಸ್‌ಲಾ ಮತ್ತು ಸಂಗಡಿಗರು 2011ರಲ್ಲಿ ರಸ್ತೆಬದಿಯ ಕಿರಣ ಮಾಪನದಿಂದ ತೋರಿಸಿದಂತೆ, ಡೀಸೆಲ್ ಕಾರುಗಳ ನೈಟ್ರೋಜನ್ ಆಕ್ಸೈಡ್ ಸುಮಾರು ಎರಡು ದಶಕಗಳಲ್ಲಿ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಫೋಕ್ಸ್‌ವ್ಯಾಗನ್ ಹಗರಣ ಹೊರಬಿದ್ದದ್ದು 2015ರ ಸೆಪ್ಟೆಂಬರಿನಲ್ಲಿ. ಅದಕ್ಕೆ ಮೊದಲು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಣ್ಣ ತಂಡವೊಂದು ಕಾರಿನ ಡಿಕ್ಕಿಯಲ್ಲಿ ಹೊಗೆ ಮಾಪಕ ಇಟ್ಟುಕೊಂಡು ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಓಡಾಡಿ, ಒಂದು ಮಾದರಿಯ ಕಾರು ಮಿತಿಗಿಂತ 15ರಿಂದ 35 ಪಟ್ಟು ಹೆಚ್ಚು ಬಿಡುತ್ತಿದೆ ಎಂದು 2014ರಲ್ಲೇ ಬರೆದಿತ್ತು. ಆ ತಂಡದಲ್ಲಿದ್ದ ಹೇಮಂತ್ ಕಪ್ಪಣ್ಣ ಬೆಂಗಳೂರಿನವರು. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್‌–6 ಜಾರಿಗೆ ಬಂದು, ರಸ್ತೆಯ ಮೇಲಿನ ಪರೀಕ್ಷೆ 2023ರ ಏಪ್ರಿಲ್‌ನಿಂದ ಅದರ ಭಾಗವಾಗಿದೆ. ಆದರೆ ಅದು ಹೊಸ ಮಾದರಿಗೆ ಒಪ್ಪಿಗೆ ನೀಡುವಾಗಿನ ಮಾತು. ಓಡುತ್ತಿರುವ ಹಳೆಯ ವಾಹನಕ್ಕೆ ಉಳಿದಿರುವುದು ಎಮಿಷನ್ ಟೆಸ್ಟ್ ಚೀಟಿ. ಪೆಟ್ರೋಲ್ ವಾಹನ ನಿಂತಲ್ಲೇ ಬಿಡುವ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್, ಡೀಸೆಲ್ ವಾಹನದ ಹೊಗೆಯ ಕಪ್ಪು, ಇಷ್ಟನ್ನೇ ಅದು ನೋಡುತ್ತದೆ. ನೈಟ್ರೋಜನ್ ಆಕ್ಸೈಡ್ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಚೀಟಿಗಳ ದತ್ತಾಂಶದಿಂದ ಗುಣಾಂಕ ತೆಗೆಯುವ ಪ್ರಯತ್ನಕ್ಕೆ ಇಲ್ಲಿಯೇ ತಡೆ.

ಸುರಂಗ, ಕಿರಣ, ಡಿಕ್ಕಿಯ ಮಾಪಕ ಎಲ್ಲವೂ ದುಬಾರಿ. ದುಬಾರಿಯಲ್ಲದ, ಈ ನಾಲ್ಕು ನಗರಗಳಿಗೆ ಇವತ್ತೇ ಕೈಗೆಟಕುವ ವಿಧಾನವೊಂದಿದೆ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನೀರುಮಜ್ಜಿಗೆಗೆ ಎಷ್ಟೇ ನೀರು ಬೆರೆಸಿದರೂ ಉಪ್ಪಿಗೂ ಇಂಗಿಗೂ ಇರುವ ಪ್ರಮಾಣ ಬದಲಾಗುವುದಿಲ್ಲ. ಬೆಳಗಿನ ಹೊತ್ತು ವಾಹನದ ಬಾಲದಿಂದ ಹೊರಟ ಕಾರ್ಬನ್ ಮಾನಾಕ್ಸೈಡ್ ಮತ್ತು ನೈಟ್ರೋಜನ್ ಆಕ್ಸೈಡ್‌ಗಳೂ ಹಾಗೆಯೇ. ಗಾಳಿ ಅವನ್ನು ನೂರು ಪಾಲು ತೆಳುಗೊಳಿಸಬಹುದು, ಸಾವಿರ ಪಾಲು ತೆಳುಗೊಳಿಸಬಹುದು; ಎರಡನ್ನೂ ಒಂದೇ ಪ್ರಮಾಣದಲ್ಲಿ ತೆಳುಗೊಳಿಸುತ್ತದೆ. ಹೀಗಾಗಿ ಮಾಪನ ಕೇಂದ್ರದಲ್ಲಿ ಕಂಡ ಅನುಪಾತವನ್ನು ಪಟ್ಟಿಯ ಅನುಪಾತದ ಪಕ್ಕ ಇಟ್ಟು ನೋಡಬಹುದು. ಗಾಳಿಯ ವೇಗ, ಎತ್ತರ, ತಾಪ ಯಾವುದರ ಲೆಕ್ಕವೂ ಬೇಡ. ಲಾಸ್ ಏಂಜಲೀಸ್‌ನ ಸುರಂಗದ ಫಲಿತಾಂಶಕ್ಕೆ ಬೆಂಬಲ ಸಿಕ್ಕಿದ್ದು ಇದೇ ದಾರಿಯಿಂದ.

ಬೆಂಗಳೂರಿನಲ್ಲಿ ಪೀಣ್ಯ, ಬಿಟಿಎಂ ಬಡಾವಣೆ, ಸಿಲ್ಕ್ ಬೋರ್ಡ್, ಹೆಬ್ಬಾಳ, ಜಯನಗರ 5ನೇ ಬ್ಲಾಕ್, ಹೊಂಬೇಗೌಡನಗರ, ಬಾಪೂಜಿನಗರ ಮೊದಲಾದ ಕಡೆ ನಿರಂತರ ಮಾಪನ ಕೇಂದ್ರಗಳಿವೆ. ಇಂಥ ಕೇಂದ್ರಗಳು ಕಣದ ಜತೆಗೆ ಈ ಅನಿಲಗಳನ್ನೂ ಅಳೆಯಲೆಂದೇ ಇರುವವು. ಅಂಕಿಗಳು ಸಾರ್ವಜನಿಕವಾಗಿ ಸಿಗುತ್ತವೆ, ಪತ್ರಿಕೆಗಳಿಗೆ ಪಿಎಂ2.5 ಮಾತ್ರ ಸುದ್ದಿ, ಉಳಿದವು ಕಡತದಲ್ಲಿ ನಿದ್ದೆ ಹೋಗುತ್ತವೆ. ಬಳಸುವಾಗ ನಾಲ್ಕಾರು ಎಚ್ಚರಿಕೆ ಬೇಕು. ಕಾರ್ಬನ್ ಮಾನಾಕ್ಸೈಡ್ ಘನ ಮೀಟರಿಗೆ ಮಿಲಿಗ್ರಾಂ, ನೈಟ್ರೋಜನ್ ಡೈಆಕ್ಸೈಡ್ ಮೈಕ್ರೊಗ್ರಾಂ, ಒಟ್ಟು ನೈಟ್ರೋಜನ್ ಆಕ್ಸೈಡ್ ಶತಕೋಟಿಯಲ್ಲಿ ಇಷ್ಟು ಭಾಗ ಎಂದು ಮೂರು ಬಗೆಯ ಮಾನಗಳಲ್ಲಿ ದಾಖಲಾಗುತ್ತವೆ. ಮೊದಲು ಎಲ್ಲವನ್ನೂ ಅಣುಗಳ ಲೆಕ್ಕಕ್ಕೆ ತರಬೇಕು. ಪಟ್ಟಿಯ ಟನ್ನುಗಳೂ ಹಾಗೆಯೇ: ಅಲ್ಲಿ ನೈಟ್ರೋಜನ್ ಆಕ್ಸೈಡನ್ನೆಲ್ಲ ಡೈಆಕ್ಸೈಡ್ ಎಂದು ಭಾವಿಸಿ ತೂಗುವ ರೂಢಿಯಿದೆ, ಆದ್ದರಿಂದ 46ರಿಂದ ಭಾಗಿಸಬೇಕು, ಕಾರ್ಬನ್ ಮಾನಾಕ್ಸೈಡನ್ನು 28ರಿಂದ. ಇದೊಂದನ್ನು ಮರೆತರೆ ಒಂದೂವರೆ ಪಟ್ಟಿಗಿಂತ ಹೆಚ್ಚಿನ ತಪ್ಪು ತಾನಾಗಿ ಬಂದು ಕೂರುತ್ತದೆ. ಇನ್ನೊಂದು, ದಿನದ ಸರಾಸರಿಗಳನ್ನು ಭಾಗಿಸಬಾರದು. ಕಾರ್ಬನ್ ಮಾನಾಕ್ಸೈಡ್ ತಿಂಗಳುಗಟ್ಟಲೆ ಬಾಳುವ ಅನಿಲ. ಊರಿನದ್ದಲ್ಲದ ಒಂದಷ್ಟು ಗಾಳಿಯಲ್ಲಿ ಯಾವಾಗಲೂ ಇದ್ದೇ ಇರುತ್ತದೆ. ಬೆಳಗ್ಗೆ ಆರರಿಂದ ಒಂಬತ್ತರವರೆಗಿನ ಗಂಟೆಗಳ ಅಂಕಿಗಳನ್ನು ನಕ್ಷೆಯ ಮೇಲೆ ಬಿಂದುಗಳಾಗಿ ಇಟ್ಟು, ಅವುಗಳ ನಡುವಿನ ಗೆರೆಯ ಇಳಿಜಾರನ್ನು ನೋಡಬೇಕು. ಬಿಸಿಲೇರಿದ ಮೇಲೆ ನೈಟ್ರೋಜನ್ ಆಕ್ಸೈಡ್ ನೈಟ್ರಿಕ್ ಆಮ್ಲವಾಗಿ ಮಾರ್ಪಡುತ್ತದೆ, ಮಾಲಿಬ್ಡಿನಮ್ ಪರಿವರ್ತಕವಿರುವ ಮಾಪಕ ಆ ಆಮ್ಲವನ್ನೂ ಒಂದಷ್ಟು ಎಣಿಸಿಕೊಳ್ಳುತ್ತದೆ. ಮಧ್ಯಾಹ್ನದ ಅಂಕಿ ಈ ಕೆಲಸಕ್ಕೆ ಒದಗದು. ಕೊನೆಯದಾಗಿ, ಮಾಪಕಕ್ಕೆ ಶೂನ್ಯ ಅನಿಲ ಮತ್ತು ತಿಳಿದ ಸಾಂದ್ರತೆಯ ಅನಿಲ ಹಾಯಿಸಿ ತಾಳೆ ನೋಡಿದ ದಿನಾಂಕ ಕಡತದಲ್ಲಿ ಇರಬೇಕು. ಇಲ್ಲದಿದ್ದರೆ ಪಟ್ಟಿಯ ತಪ್ಪೋ ಮಾಪಕದ ತಪ್ಪೋ ಗೊತ್ತಾಗುವುದಿಲ್ಲ.

ಟೆರಿಯ 2010ರ ಪಟ್ಟಿಯಲ್ಲಿ ನೈಟ್ರೋಜನ್ ಆಕ್ಸೈಡ್‌ಗೆ ವಾಹನಗಳ ಪಾಲು ಶೇ 68, ಡೀಸೆಲ್ ಜನರೇಟರ್‌ಗಳದ್ದು ಶೇ 23 ಎಂದಿತ್ತು. ಜನರೇಟರ್‌ಗಳ ಪಾಲು ನಿಜಕ್ಕೂ ಅಷ್ಟಿದ್ದರೆ ವಿದ್ಯುತ್ ಕಡಿತದ ಗಂಟೆಗಳಲ್ಲಿ ಅನುಪಾತ ಜಗ್ಗಬೇಕು. ಡೀಸೆಲ್ ಎಂಜಿನ್ನು ಪೆಟ್ರೋಲ್ ಎಂಜಿನ್ನಿಗಿಂತ ಕಾರ್ಬನ್ ಮಾನಾಕ್ಸೈಡ್ ಕಡಿಮೆ, ನೈಟ್ರೋಜನ್ ಆಕ್ಸೈಡ್ ಹೆಚ್ಚು ಬಿಡುವಂಥದ್ದು. ಬೆಸ್ಕಾಂ ಬಳಿ ಕಡಿತದ ಸಮಯದ ದಾಖಲೆ ಇರುತ್ತದೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಬಳಿ ಅನಿಲದ ದಾಖಲೆ. ಎರಡು ಕಚೇರಿಗಳ ಎರಡು ಕಡತಗಳನ್ನು ಒಂದೇ ಮೇಜಿನ ಮೇಲೆ ಬಿಚ್ಚಿದರೆ ಆಗುವ ಕೆಲಸ ಇದು. ಅನುಪಾತ ಪಟ್ಟಿಯ ಕೊರತೆಯನ್ನಷ್ಟೇ ತೋರಿಸುತ್ತದೆ ಎಂದೇನೂ ಇಲ್ಲ. ವಾಷಿಂಗ್ಟನ್–ಬಾಲ್ಟಿಮೋರ್ ಸುತ್ತ 2011ರಲ್ಲಿ ನಡೆದ ಅಳತೆಗಳನ್ನು ಹೋಲಿಸಿದಾಗ, ವಾಹನಗಳ ನೈಟ್ರೋಜನ್ ಆಕ್ಸೈಡನ್ನು ರಾಷ್ಟ್ರೀಯ ಪಟ್ಟಿ ಅರ್ಧಕ್ಕೂ ಮಿಗಿಲಾಗಿ ಉಬ್ಬಿಸಿತ್ತು ಎಂಬ ತೀರ್ಮಾನ ಬಂತು.

ಅನಿಲಗಳ ವಿಚಾರ ಇಷ್ಟು. ಕಣಗಳಿಗೆ ಬಂದರೆ, ಈ ನಾಲ್ಕು ನಗರಗಳ ಮಟ್ಟಿಗೆ ದೊಡ್ಡ ಪ್ರಶ್ನೆ ರಸ್ತೆ ದೂಳಿನದು. ಹಣದ ಬಹುಪಾಲು ಹೋಗುತ್ತಿರುವುದೂ ಅದಕ್ಕೇ. ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರುವಾದದ್ದು 2019ರ ಜನವರಿಯಲ್ಲಿ. ಐದು ವರ್ಷಗಳ ವೆಚ್ಚವನ್ನು ನೋಡಿದ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ, ಶೇ 64ರಷ್ಟು ಹಣ ರಸ್ತೆ ದೂಳಿನ ನಿಯಂತ್ರಣಕ್ಕೆ, ಶೇ 1ಕ್ಕೂ ಕಡಿಮೆ ಕೈಗಾರಿಕೆಗಳ ನಿಯಂತ್ರಣಕ್ಕೆ ಹೋಗಿದೆ ಎಂದು 2024ರಲ್ಲಿ ವರದಿ ಮಾಡಿತು. ಕಾರ್ಯಕ್ರಮದಲ್ಲಿ ನಗರಗಳಿಗೆ ಅಂಕ ಕೊಡುವುದು ಪಿಎಂ10 ನೋಡಿ. ಪಟ್ಟಿಗಳಲ್ಲಿ ಪಿಎಂ10ರ ದೊಡ್ಡ ಪಾಲು ದೂಳು. ಹಾಗಾಗಿ ಗುಡಿಸುವ ಯಂತ್ರ, ನೀರು ಚಿಮುಕಿಸುವ ಲಾರಿ. ಈ ಸರಪಳಿಯ ಮೊದಲ ಕೊಂಡಿ ಎಷ್ಟು ಗಟ್ಟಿ ಎಂದು ನೋಡುವುದು ಅಗತ್ಯ.

ರಸ್ತೆ ದೂಳನ್ನು ಲೆಕ್ಕ ಹಾಕುವ ಸೂತ್ರ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಎಪಿ–42 ಎಂಬ ಕೈಪಿಡಿಯದು. ರಸ್ತೆಯ ಒಂದು ಚದರ ಮೀಟರಿನಲ್ಲಿ 75 ಮೈಕ್ರಾನಿಗಿಂತ ನುಣುಪಾದ ಮಣ್ಣು ಎಷ್ಟು ಗ್ರಾಂ ಇದೆ ಎಂದು ಗುಡಿಸಿ, ಜರಡಿ ಹಿಡಿದು ತೂಗುತ್ತಾರೆ. ಅದಕ್ಕೆ 0.91ರ ಘಾತ, ವಾಹನಗಳ ಸರಾಸರಿ ತೂಕಕ್ಕೆ 1.02ರ ಘಾತ ಹಾಕಿ ಒಂದು ಸ್ಥಿರಾಂಕದಿಂದ ಗುಣಿಸುತ್ತಾರೆ. ಮಣ್ಣು ಇಮ್ಮಡಿಯಾದರೆ ದೂಳೂ ಹೆಚ್ಚುಕಡಿಮೆ ಇಮ್ಮಡಿ. ಈಗ ಯೋಚಿಸಬೇಕಾದದ್ದು, ಸಾವಿರಾರು ಕಿಲೊಮೀಟರ್ ರಸ್ತೆಯ ನಗರದಲ್ಲಿ ಎಷ್ಟು ಕಡೆ ಗುಡಿಸಿ ನೋಡಿರುತ್ತಾರೆ? ಸಂಚಾರ ನಿಲ್ಲಿಸಿ ರಸ್ತೆ ಗುಡಿಸುವುದು ಸುಲಭವಲ್ಲ, ಹಾಗಾಗಿ ಮಾದರಿಗಳು ಬೆರಳೆಣಿಕೆಯಷ್ಟು. ಕಾಮಗಾರಿ ನಡೆಯುವ ವರ್ತುಲ ರಸ್ತೆಯಲ್ಲಿ ಒಂದು ಮಾದರಿ ತೆಗೆದರೆ ಇಡೀ ನಗರದ ದೂಳು ಏರುತ್ತದೆ, ಸದಾಶಿವನಗರದಲ್ಲಿ ತೆಗೆದರೆ ಇಳಿಯುತ್ತದೆ.

ಸೂತ್ರ ಹುಟ್ಟಿದ ನಾಡಿನಲ್ಲೇ ಗಾಳಿ ಅದನ್ನು ಪ್ರಶ್ನಿಸಿತ್ತು. 1990ರ ದಶಕದ ಅಮೆರಿಕದ ಪಟ್ಟಿಗಳಲ್ಲಿ ಹಾರುವ ದೂಳಿಗೆ ಸಿಂಹಪಾಲು, ಆದರೆ ಗಾಳಿ ಸೋಸಿದ ಫಿಲ್ಟರುಗಳಲ್ಲಿ ಸಿಲಿಕಾನ್, ಅಲ್ಯೂಮಿನಿಯಂ, ಕಬ್ಬಿಣ, ಕ್ಯಾಲ್ಸಿಯಂ ಎಂಬ ಮಣ್ಣಿನ ಧಾತುಗಳು ಅಷ್ಟು ಸಿಗಲಿಲ್ಲ. ಚಕ್ರ ಎಬ್ಬಿಸಿದ ದೂಳಿನ ಬಹಳಷ್ಟು ನೆಲದಿಂದ ಒಂದೆರಡು ಮೀಟರ್ ಎತ್ತರದಲ್ಲೇ ಹೊರಳಾಡಿ ಗಿಡ, ಗೋಡೆ, ಬೇಲಿಗೆ ಅಂಟಿಕೊಂಡು ಉಳಿದುಬಿಡುತ್ತದೆ ಎಂದು ಆಮೇಲೆ ಅರ್ಥವಾಯಿತು. ಪಟ್ಟಿಯನ್ನು ಹವಾಮಾನ ಮಾದರಿಗೆ ಉಣಿಸುವ ಮೊದಲು ಒಂದು ಪಾಲನ್ನು ಕಳೆಯುವ ಪದ್ಧತಿ ಬಂತು, ಪಿಎಂ2.5ರ ಸ್ಥಿರಾಂಕವೂ ಇಳಿಯಿತು. ಭಾರತದ ಪಟ್ಟಿಗಳು ಸೂತ್ರವನ್ನು ಎರವಲು ತಂದುಕೊಂಡಿವೆ. ಈ ಕಳೆಯುವಿಕೆಯನ್ನು ಎಲ್ಲರೂ ತಂದುಕೊಂಡಿಲ್ಲ.

ದೆಹಲಿಯ ವಿಷಯದಲ್ಲಿ ಐಐಟಿ ಕಾನ್ಪುರದ ಮುಕೇಶ್ ಶರ್ಮಾ ಮತ್ತು ಓಂಕಾರ್ ದೀಕ್ಷಿತ್ 2016ರ ಜನವರಿಯಲ್ಲಿ ಸಲ್ಲಿಸಿದ ವರದಿ ಇದಕ್ಕೆ ಒಳ್ಳೆಯ ಪಾಠ, ಏಕೆಂದರೆ ಒಂದೇ ವರದಿಯಲ್ಲಿ ಪಟ್ಟಿಯೂ ಇದೆ, ಗಾಳಿಯ ಅಳತೆಯೂ ಇದೆ. ಪಟ್ಟಿಯ ಪ್ರಕಾರ ಪಿಎಂ10ರಲ್ಲಿ ಶೇ 56, ಪಿಎಂ2.5ರಲ್ಲಿ ಶೇ 38 ರಸ್ತೆ ದೂಳು. ಫಿಲ್ಟರಿನ ಪ್ರಕಾರ, ಬೇಸಿಗೆಯ ಪಿಎಂ2.5ರಲ್ಲಿ ಮಣ್ಣು ಮತ್ತು ರಸ್ತೆ ದೂಳು ಕಾಲುಭಾಗದಷ್ಟು. ಚಳಿಗಾಲದಲ್ಲಿ ಕೆಲವೇ ಶೇಕಡ. ಚಳಿಗಾಲದ ದೊಡ್ಡ ಪಾಲುದಾರರು ವಾಹನ, ಸೌದೆ–ಕೂಳೆಯ ಹೊಗೆ ಮತ್ತು ಗಾಳಿಯಲ್ಲೇ ಅನಿಲಗಳಿಂದ ಹುಟ್ಟುವ ಕಣಗಳು. ಮಾಧ್ಯಮಗಳು ವರ್ಷಗಟ್ಟಲೆ ಎತ್ತಿ ಹೇಳಿದ್ದು ಮೊದಲ ಅಂಕಿ. ದೂಳು ನಗಣ್ಯವೆಂದು ಇದರ ಅರ್ಥವಾಗಬಾರದು. ದಪ್ಪ ಕಣಗಳಲ್ಲಿ ಅದೇ ಮುಖ್ಯ, ಕಲಬುರಗಿಯ ಬೇಸಿಗೆಯಲ್ಲಂತೂ ಇನ್ನೂ ಮುಖ್ಯ. ಆದರೆ ಶ್ವಾಸಕೋಶದ ಆಳಕ್ಕೆ ಇಳಿಯುವ ಸಣ್ಣ ಕಣದ ಲೆಕ್ಕಕ್ಕೆ ದಪ್ಪ ಕಣದ ಪಟ್ಟಿಯನ್ನು ಓದುವುದು ಬೇರೆ ಊರಿನ ಬಸ್ಸು ಹತ್ತಿದಂತೆ.

ಗಾಳಿಯಲ್ಲೇ ಹುಟ್ಟುವ ಕಣಗಳ ಬಗ್ಗೆ ಇಲ್ಲೊಂದು ಮಾತು ಸೇರಬೇಕು. ಗಂಧಕದ ಡೈಆಕ್ಸೈಡ್, ನೈಟ್ರೋಜನ್ ಆಕ್ಸೈಡ್, ಕೊಟ್ಟಿಗೆ–ಗೊಬ್ಬರದ ಅಮೋನಿಯಾ ಸೇರಿ ಅಮೋನಿಯಂ ಸಲ್ಫೇಟ್, ನೈಟ್ರೇಟ್ ಕಣಗಳಾಗುತ್ತವೆ. ಯಾವ ಕೊಳವೆಯಿಂದಲೂ ಇವು ಕಣವಾಗಿ ಹೊರಬಂದಿಲ್ಲ, ಆದ್ದರಿಂದ ಪಟ್ಟಿಯ ಪಿಎಂ2.5 ಕಾಲಮ್ಮಿನಲ್ಲಿ ಇವು ಇಲ್ಲ. ಆ ಕಾಲಮ್ಮಿನಿಂದ ಬಿಡಿಸಿದ ವೃತ್ತ ಚಿತ್ರವನ್ನು 'ನಗರದ ಗಾಳಿಯಲ್ಲಿ ಏನಿದೆ' ಎಂಬ ಶೀರ್ಷಿಕೆಯಡಿ ಮುದ್ರಿಸುವುದು ತಪ್ಪು, ಎಷ್ಟು ವರದಿಗಳಲ್ಲಿ ಮುದ್ರಣವಾಗಿದ್ದರೂ ಸರಿಯೇ.

ಫಿಲ್ಟರಿನ ದೊಡ್ಡ ಉಪಕಾರ ಬೇರೆ: ಪಟ್ಟಿ ಮರೆತದ್ದನ್ನು ಅದು ನೆನಪಿಸುತ್ತದೆ. ಸೌದೆ, ಸೊಪ್ಪು ಸುಟ್ಟರೆ ಲೆವೊಗ್ಲುಕೊಸಾನ್ ಎಂಬ ಸಕ್ಕರೆಯ ಸಂಬಂಧಿ ಹುಟ್ಟುತ್ತದೆ. ಅದು ಡೀಸೆಲಿನಿಂದ ಬರಲಾರದು. ಪ್ಲಾಸ್ಟಿಕ್ ಬೆರೆತ ಕಸ ಸುಟ್ಟರೆ ಕ್ಲೋರಿನ್ ಏರುತ್ತದೆ. ಇಂಥ ಗುರುತುಗಳಿಂದ ಮೂಲಗಳ ಪಾಲನ್ನು ಹಂಚುವ ಗಣಿತಕ್ಕೆ ಎರಡು ದಾರಿ. ಮೂಲಗಳ ರಾಸಾಯನಿಕ ಚಹರೆ ಮೊದಲೇ ಗೊತ್ತಿದ್ದರೆ ರಾಸಾಯನಿಕ ತೂಕ ಸಮತೋಲನ. ಗೊತ್ತಿಲ್ಲದಿದ್ದರೆ ಅಳತೆಗಳ ರಾಶಿಯಿಂದಲೇ ಚಹರೆಗಳನ್ನು ಹೊರತೆಗೆಯುವ, ಫಿನ್ಲೆಂಡಿನ ಪೆಂಟಿ ಪಾಟೆರೊ ಮತ್ತು ಉಂಟೊ ಟಾಪರ್ 1994ರಲ್ಲಿ ಕೊಟ್ಟ ಧನ ಮಾತೃಕೆ ವಿಧಾನ. ಮೊದಲನೆಯದಕ್ಕೆ ಸ್ಥಳೀಯ ಚಹರೆ ಬೇಕೇ ಬೇಕು. ದಾವಣಗೆರೆಯ ಮಂಡಕ್ಕಿ ಭಟ್ಟಿಯ ಹೊಗೆಗೆ ಯಾವ ವಿದೇಶಿ ಕೋಷ್ಟಕದಲ್ಲೂ ಚಹರೆ ಇಲ್ಲ. ಯಾವ ಭಟ್ಟಿಗೆ ಯಾವ ದಿನ ಏನು ಉರಿ ಹಾಕುತ್ತಾರೆ ಎಂಬುದು ಅಲ್ಲಿಗೆ ಹೋಗಿ ನಿಂತವರಿಗಷ್ಟೇ ಗೊತ್ತು. ಕಲಬುರಗಿಗೆ ಜಿಲ್ಲೆಯ ಸಿಮೆಂಟ್ ಕಾರ್ಖಾನೆಗಳ ಕ್ಯಾಲ್ಸಿಯಂಗೂ ಸುಣ್ಣಕಲ್ಲು ನೆಲದ ಕ್ಯಾಲ್ಸಿಯಂಗೂ ಭೇದ ಹೇಳುವ ಚಹರೆ ಬೇಕು. ಇದನ್ನು ದೆಹಲಿಯಿಂದ ತರಿಸಿಕೊಳ್ಳಲಾಗದು.

ಮರೆತ ಮೂಲಗಳಲ್ಲಿ ಅಚ್ಚರಿಯದು ಸ್ನಾನದ ಮನೆಯಿಂದ ಬಂದಿದೆ. ಬ್ರಯಾನ್ ಮೆಕ್‌ಡೊನಾಲ್ಡ್ ಮತ್ತು ಸಂಗಡಿಗರು 2018ರಲ್ಲಿ ಲಾಸ್ ಏಂಜಲೀಸ್‌ನ ಅಳತೆಗಳನ್ನು ಪಟ್ಟಿಯೊಂದಿಗೆ ತಾಳೆ ಹಾಕಿ, ಬಣ್ಣ, ಅಂಟು, ಮುದ್ರಣ ಶಾಯಿ, ನೆಲ ಒರೆಸುವ ದ್ರವ, ಸುಗಂಧ ಮುಂತಾದ ರಾಸಾಯನಿಕ ಉತ್ಪನ್ನಗಳೇ ಇಂದು ಅಂಥ ನಗರಗಳಲ್ಲಿ ಪೆಟ್ರೋಲಿಯಂ ಮೂಲದ ಸಾವಯವ ಆವಿಯ ಅರ್ಧದಷ್ಟಕ್ಕೆ ಕಾರಣ ಎಂದರು. ಡಿಯೊಡರೆಂಟಿನಲ್ಲಿರುವ ಡಿ5 ಎಂಬ ಸಿಲೊಕ್ಸೇನ್ ಬೆಳಗಿನ ಕಚೇರಿ ಹೊತ್ತಿನಲ್ಲಿ ಗಾಳಿಯಲ್ಲಿ ಏರಿ, ದಿನ ಕಳೆದಂತೆ ಇಳಿಯುತ್ತದೆ ಎಂಬುದೂ ಆ ವರ್ಷವೇ ಪ್ರಕಟವಾಯಿತು. ವಾಹನಗಳು ಶುದ್ಧವಾಗುತ್ತ ಹೋದಂತೆ ಉಳಿದವರು ಎದ್ದು ಕಾಣುತ್ತಾರೆ. ಬೆಂಗಳೂರಿನ ಸ್ಥಿತಿ ಅಲ್ಲಿಗೆ ಬಂದಿಲ್ಲ, ಆದರೆ ಹೊಸ ಅಪಾರ್ಟ್‌ಮೆಂಟುಗಳಿಗೆ ಬಳಿಯುವ ಬಣ್ಣ ಯಾವ ಬಾಬ್ತಿನಲ್ಲಿದೆ ಎಂದು ಈಗಲೇ ಕೇಳಿಕೊಳ್ಳಬಹುದು.

ಇಷ್ಟರವರೆಗಿನವು ಪಾಲು ಹೇಳುವ ವಿಧಾನಗಳು. ಒಟ್ಟು ಮೊತ್ತವನ್ನೇ ಪರೀಕ್ಷಿಸಲು ಪಟ್ಟಿಯನ್ನು ಹವಾಮಾನ ಮಾದರಿಯೊಳಗೆ ಹಾಕಿ, ಪ್ರತಿ ಕೇಂದ್ರದಲ್ಲಿ ಎಷ್ಟು ಸಾಂದ್ರತೆ ಬರಬೇಕಿತ್ತು ಎಂದು ಲೆಕ್ಕ ಹಾಕಿ, ಬಂದದ್ದರೊಂದಿಗೆ ಹೋಲಿಸಿ, ವ್ಯತ್ಯಾಸದಿಂದ ಪಟ್ಟಿಯನ್ನು ಹಿಮ್ಮುಖವಾಗಿ ತಿದ್ದಬೇಕು. ಬ್ರಿಟನ್ ತನ್ನ ಹಸಿರುಮನೆ ಅನಿಲಗಳ ವಾರ್ಷಿಕ ಪಟ್ಟಿಯನ್ನು ಐರ್ಲೆಂಡಿನ ಮೇಸ್ ಹೆಡ್ ಮೊದಲಾದ ಕೇಂದ್ರಗಳ ಅಳತೆಯಿಂದ ಹೀಗೆ ತಾಳೆ ನೋಡಿ, ಹೋಲಿಕೆಯನ್ನೂ ವರದಿಯಲ್ಲೇ ಪ್ರಕಟಿಸುತ್ತದೆ. ಈ ವಿಧಾನದ ಅಪಾಯವೂ ದೊಡ್ಡದು. ಒಂದೇ ಒಲೆ, ಒಂದೇ ಸೌದೆ. ತಗ್ಗು ಸೂರಿನ ಅಡುಗೆಮನೆಯಲ್ಲಿ ಕಣ್ಣು ಉರಿಯುತ್ತದೆ, ತೊಟ್ಟಿಮನೆಯ ಅಂಗಳದಲ್ಲಿ ಉರಿಯುವುದಿಲ್ಲ. ನಗರದ ಮೇಲಿನ ಗಾಳಿಯ ಸೂರು ಡಿಸೆಂಬರಿನ ಬೆಳಗಿನ ಜಾವ ಬಹಳ ತಗ್ಗಿ, ಏಪ್ರಿಲಿನ ಮಧ್ಯಾಹ್ನ ಕಿಲೊಮೀಟರುಗಟ್ಟಲೆ ಏರುತ್ತದೆ. ಮಾದರಿ ಈ ಸೂರನ್ನು ತಪ್ಪಾಗಿ ಊಹಿಸಿದರೆ, ಆ ತಪ್ಪಿನ ಹೊರೆ ಪಾಪದ ಪಟ್ಟಿಯ ಮೇಲೆ ಬೀಳುತ್ತದೆ. ಕೇಂದ್ರಗಳ ಸಂಖ್ಯೆಯದು ಇನ್ನೊಂದು ಮಿತಿ. ಹತ್ತಾರು ಕೇಂದ್ರಗಳ ಅಂಕಿಯಿಂದ ನೂರಾರು ಚೌಕಗಳ ಎಂಟು ಬಾಬ್ತುಗಳನ್ನು ಬಿಡಿಬಿಡಿಯಾಗಿ ತಿದ್ದಲು ಹೊರಟರೆ ಗಣಿತ ಯಾವ ಉತ್ತರವನ್ನಾದರೂ ಕೊಟ್ಟೀತು. ಇಡೀ ನಗರಕ್ಕೆ ಬಾಬ್ತಿಗೊಂದರಂತೆ ಗುಣಕ ಇಟ್ಟು, ಪಟ್ಟಿಯ ಪ್ರತಿ ಸಾಲಿನ ಅನಿಶ್ಚಿತತೆಯನ್ನು ಮೊದಲೇ ಬರೆದುಕೊಟ್ಟರೆ ಕೆಲಸ ಹಿಡಿತದಲ್ಲಿರುತ್ತದೆ. ಅನಿಶ್ಚಿತತೆ ಬರೆಯದ ಪಟ್ಟಿಯನ್ನು ಈ ವಿಧಾನಕ್ಕೆ ಒಪ್ಪಿಸಲೇ ಆಗುವುದಿಲ್ಲ; ಎಷ್ಟು ಜಗ್ಗಬಹುದು ಎಂದು ಹೇಳದ ಹಗ್ಗದಂತೆ ಅದು.

ಸೂರಿನ ಚಿಂತೆಯನ್ನೇ ಬಿಟ್ಟು, ನೆಲದಿಂದ ಮೇಲೇರುವ ಹರಿವನ್ನು ನೇರವಾಗಿ ಅಳೆಯುವುದೂ ಸಾಧ್ಯ. ಲಂಡನ್ನಿನ ಬಿಟಿ ಟವರ್ ಮೇಲೆ ಗಾಳಿಯ ಸುಳಿಗಳನ್ನೂ ಅವು ಹೊತ್ತ ಅನಿಲವನ್ನೂ ಏಕಕಾಲಕ್ಕೆ ಅಳೆದಾಗ, ನೈಟ್ರೋಜನ್ ಆಕ್ಸೈಡ್ ರಾಷ್ಟ್ರೀಯ ಪಟ್ಟಿಗಿಂತ ಗಣನೀಯವಾಗಿ ಹೆಚ್ಚಿತ್ತು. ಹತ್ತಿರ ಬಂದದ್ದು, ಪ್ರಯೋಗಾಲಯದ ಬದಲು ರಸ್ತೆಬದಿಯ ಅಳತೆಯ ಗುಣಾಂಕ ಹಾಕಿ ತಿದ್ದಿದ ನಗರದ ಪಟ್ಟಿ. ಅಗ್ಗದ ಸೆನ್ಸರುಗಳು ಈ ಕೆಲಸಕ್ಕೆ ಕಡಿಮೆ ಪ್ರಯೋಜನದವು. ಬೆಳಕು ಚದುರುವುದನ್ನು ನೋಡಿ ಕಣ ಎಣಿಸುವ ಅವು, ತೇವ ಹೀರಿ ಉಬ್ಬಿದ ಕಣವನ್ನು ಹೆಚ್ಚಾಗಿ ಎಣಿಸುತ್ತವೆ, ದಪ್ಪ ದೂಳನ್ನು ಬಹುಮಟ್ಟಿಗೆ ಕಾಣುವುದೇ ಇಲ್ಲ. ಯಾವ ಬೀದಿಯಲ್ಲಿ ಹೆಚ್ಚು ಎಂದು ಹುಡುಕಲು ಆಗಬಹುದು. ಮಲ್ಲೇಶ್ವರದಲ್ಲಿ ಕಾರಿನೊಳಗೆ ಒಳ್ಳೆಯ ಉಪಕರಣ ಇಟ್ಟು ಅದೇ ಬೀದಿಗಳನ್ನು ಮತ್ತೆ ಮತ್ತೆ ಸುತ್ತಿ ಅಳೆದಂಥ ಪ್ರಯತ್ನಗಳು ಆ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತವೆ.

ಕೇಂದ್ರಗಳ ಜಾಗದ ಬಗ್ಗೆ ಹೇಳುವುದಾದರೆ, ಪಟ್ಟಿ ತಿದ್ದುವವರಿಗೆ ಬೇಕಾದದ್ದು ಒಂದಕ್ಕೊಂದು ಹೊಂದುವ ಮೂರು ಕೇಂದ್ರಗಳು: ರಸ್ತೆಯ ಅಂಚಿನಲ್ಲೊಂದು, ಅದೇ ಬಡಾವಣೆಯ ಒಳಗೊಂದು, ಗಾಳಿ ಬರುವ ದಿಕ್ಕಿಗೆ ಊರ ಹೊರಗೊಂದು. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಆ ರಸ್ತೆಯ ಪಾಲು, ಎರಡನೆಯದರಿಂದ ಮೂರನೆಯದನ್ನು ಕಳೆದರೆ ನಗರದ ಪಾಲು. ಬರ್ಲಿನ್ನಿನ ದತ್ತಾಂಶದ ಮೇಲೆ ಪೀಟರ್ ಲೆನ್‌ಶೋ ಮತ್ತು ಸಂಗಡಿಗರು 2001ರಲ್ಲಿ ವಿವರಿಸಿದ ಈ ಕಳೆಯುವ ಲೆಕ್ಕ ಇಂದಿಗೂ ಬಳಕೆಯಲ್ಲಿದೆ. ಹುಬ್ಬಳ್ಳಿ–ಧಾರವಾಡ ಇದಕ್ಕೆ ಹೇಳಿ ಮಾಡಿಸಿದ ಊರು. ಎರಡು ಪಟ್ಟಣ, ನಡುವೆ ಇಪ್ಪತ್ತು ಕಿಲೊಮೀಟರ್ ರಸ್ತೆ. ಗಾಳಿ ಒಂದರ ಕಡೆಯಿಂದ ಬೀಸಿದಾಗ ಇನ್ನೊಂದರ ಹೊರಗಿನ ಹಿನ್ನೆಲೆ ತಾನಾಗಿ ಸಿಗುತ್ತದೆ.

ಹಣವೇ ಬೇಡದ ಒಂದು ಪರೀಕ್ಷೆಯನ್ನು ಮಳೆಗಾಲ ಪ್ರತಿ ವರ್ಷ ಮಾಡಿಕೊಡುತ್ತದೆ. ಎಪಿ–42 ಸೂತ್ರಕ್ಕೆ ಮಳೆಯ ತಿದ್ದುಪಡಿಯೊಂದಿದೆ: 0.254 ಮಿಲಿಮೀಟರ್ ಅಥವಾ ಹೆಚ್ಚು ಮಳೆ ಬಿದ್ದ ದಿನ ರಸ್ತೆ ದೂಳು ಕಾಲುಭಾಗದಷ್ಟು ಕಡಿಮೆ ಎಂದು ಅದು ಹಿಡಿಯುತ್ತದೆ. ಒಮ್ಮೆ ಬಿದ್ದು ಬಿಸಿಲಿಗೆ ಆರಿಹೋಗುವ ಮಳೆಗೆ ಅದು ಒಪ್ಪೀತು. ಜುಲೈ ತಿಂಗಳಿನ ಧಾರವಾಡದ ಜಿಟಿಜಿಟಿಗೆ, ಸೆಪ್ಟೆಂಬರಿನ ಬೆಂಗಳೂರಿನ ಸಂಜೆ ಮಳೆಗೆ, ಕಲಬುರಗಿಯ ವಿರಳ ಹನಿಗೆ ಒಂದೇ ಕಾಲುಭಾಗ ಒಪ್ಪುವ ಸಂಭವ ಕಡಿಮೆ. ಪಿಎಂ10ರಿಂದ ಪಿಎಂ2.5 ಕಳೆದರೆ ದಪ್ಪ ಕಣ ಉಳಿಯುತ್ತದೆ. ಅದನ್ನು ಅದೇ ಗಂಟೆಯ, ಹಿನ್ನೆಲೆ ಕಳೆದ ಕಾರ್ಬನ್ ಮಾನಾಕ್ಸೈಡ್‌ನಿಂದ ಭಾಗಿಸಿದರೆ ಗಾಳಿಯ ಸೂರಿನ ಪ್ರಭಾವ ಬಹುಮಟ್ಟಿಗೆ ಕಳಚಿಕೊಳ್ಳುತ್ತದೆ, ಸಂಚಾರದ ಏರಿಳಿತವೂ ತಕ್ಕಮಟ್ಟಿಗೆ. ಮಳೆ ಸುರಿಯುತ್ತಿರುವ ಗಂಟೆಗಳನ್ನು ಬಿಡಬೇಕು, ಏಕೆಂದರೆ ಹನಿ ಕಣವನ್ನು ತೊಳೆಯುತ್ತದೆ, ಅನಿಲವನ್ನು ತೊಳೆಯುವುದಿಲ್ಲ. ನಿಂತ ಮಳೆಯ ನಂತರದ, ರಸ್ತೆ ಇನ್ನೂ ಒದ್ದೆಯಿರುವ ಬೆಳಗುಗಳನ್ನು ಮಾರ್ಚಿನ ಒಣ ಬೆಳಗುಗಳ ಪಕ್ಕ ಇಡಬೇಕು. ಅನುಪಾತ ಪಟ್ಟಿ ಹೇಳುವಂತೆ ಕಾಲುಭಾಗ ಇಳಿದಿದೆಯೋ, ಮುಕ್ಕಾಲು ಇಳಿದಿದೆಯೋ ಎಂಬುದು ಪೀಣ್ಯದ, ಹೆಬ್ಬಾಳದ, ಸಿಲ್ಕ್ ಬೋರ್ಡಿನ ಹಳೆಯ ಅಂಕಿಗಳಲ್ಲೇ ಇದೆ.